ಮಧ್ಯಾಹ್ನ ಮಾತ್ರ ಜಲ್ಲಿಕಲ್ಲು ಅರೆಯುವ ಪಂಪ್

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಬೀದರ್ ಜಿಲ್ಲೆಯ ಒಂದು ಕೆಮಿಕಲ್ ಕಾರ್ಖಾನೆಯ ಮೆಂಟೆನೆನ್ಸ್‌ಗೆ ಸೇರಿ ಒಂದೂವರೆ ವರ್ಷ ಆಯಿತು. ಬಳಸಿದ ಅಸಿಟೋನನ್ನು ಬಟ್ಟಿ ಇಳಿಸಿ ವಾಪಸ್ ಪಡೆಯುವ ಘಟಕ ನಮ್ಮಲ್ಲಿದೆ. ಅಲ್ಲಿ ರಿಸೀವರ್ ಟ್ಯಾಂಕಿನಿಂದ ಸ್ಟೋರೇಜ್ ಟ್ಯಾಂಕಿಗೆ ಕಳಿಸುವ ಒಂದು ಸೆಂಟ್ರಿಫ್ಯೂಗಲ್ ಪಂಪ್ ಇದೆ. ಬೇಸಿಗೆ ಶುರುವಾದ ಮೇಲೆ ಮಧ್ಯಾಹ್ನದ ಹೊತ್ತು ಅದರೊಳಗೆ ಜಲ್ಲಿಕಲ್ಲು ಸುರಿದ ಹಾಗೆ ಸದ್ದು. ಡಿಸ್ಚಾರ್ಜ್ (ದ್ರವ ಹೊರಹೋಗುವ ಕಡೆಯ) ಗೇಜಿನ ಮುಳ್ಳು ನಡುಗುತ್ತದೆ. ರಾತ್ರಿ ಪಾಳಿಯಲ್ಲಿ ಸದ್ದೇ ಇಲ್ಲ. ನಾಲ್ಕು ತಿಂಗಳಲ್ಲಿ ಮೂರು ಮೆಕ್ಯಾನಿಕಲ್ ಸೀಲ್ (ಶಾಫ್ಟಿನ ಸುತ್ತ ದ್ರವ ಸೋರದಂತೆ ತಡೆಯುವ ಭಾಗ) ಬದಲಿಸಿದ್ದೇವೆ. ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಹೊಸದರ ಹಾಗೆ ಇದೆ, ಆದ್ದರಿಂದ ಕ್ಯಾವಿಟೇಶನ್ ಅಲ್ಲ, ದೊಡ್ಡ ಪಂಪ್ ಹಾಕಿ ಅಂತ ಪಂಪ್ ಮಾರಿದವರು ಹೇಳುತ್ತಾರೆ. ನಮ್ಮ ಹಿರಿಯ ಫಿಟ್ಟರ್ ಡಿಸ್ಚಾರ್ಜ್ ವಾಲ್ವನ್ನು ಒಂದೆರಡು ಸುತ್ತು ಮುಚ್ಚುತ್ತಾರೆ, ಸದ್ದು ನಿಂತುಹೋಗುತ್ತದೆ. ಯಾರ ಮಾತು ಸರಿ? ಇನ್ನೊಂದು: ಮುಂದಿನ ತಿಂಗಳಿಂದ ನನ್ನನ್ನು ಕಂಪ್ರೆಸರ್ ಹೌಸಿಗೆ ಹಾಕುತ್ತಾರಂತೆ. ಪಂಪೂ ಕಂಪ್ರೆಸರೂ ಒಂದೇ, ಒಂದು ನೀರಿಗೆ ಇನ್ನೊಂದು ಗಾಳಿಗೆ ಅಂತಾರೆ. ಹೌದಾ?

ಉತ್ತರ: ಗೆದ್ದವರು ನಿಮ್ಮ ಫಿಟ್ಟರ್. ಅವರು ಕಾರಣ ಹೇಳಿರಲಿಕ್ಕಿಲ್ಲ, ಆದರೆ ಕೈ ಸರಿಯಾದ ಕಡೆಗೇ ಹೋಗಿದೆ. ಪಂಪ್ ಮಾರಿದವರು ಇಂಪೆಲ್ಲರ್ ನೋಡಿ ತೀರ್ಪು ಕೊಟ್ಟಿದ್ದಾರೆ. ಅಲ್ಲೇ ಅವರು ಎಡವಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾರ್ಖಾನೆ ಬಿಟ್ಟು ಹೊಲಕ್ಕೆ ಹೋಗೋಣ. ತೆರೆದ ಬಾವಿಯ ಪಂಪ್‌ಸೆಟ್ ನೀವು ನೋಡಿರುತ್ತೀರಿ. ಬೇಸಿಗೆಯಲ್ಲಿ ನೀರು ಕೆಳಗಿಳಿದ ಹಾಗೆ ಪಂಪನ್ನೂ ಕೆಳಗಿಳಿಸುತ್ತಾರೆ. ಬಾವಿಯ ಗೋಡೆಗೆ ಎರಡು ಗರ್ಡರ್ ಕೊಟ್ಟು, ಅದರ ಮೇಲೆ ಮೋಟಾರ್ ಸಮೇತ ಕೂರಿಸುತ್ತಾರೆ. ಯಾಕೆ? ಹತ್ತು ಹಾರ್ಸ್‌ಪವರಿನ ಮೋಟಾರ್ ನೀರನ್ನು ಮೂವತ್ತು ಮೀಟರ್ ಮೇಲಕ್ಕೆ ಎಸೆಯಬಲ್ಲದು. ಆದರೆ ಕೆಳಗಿನಿಂದ ಏಳೆಂಟು ಮೀಟರಿಗಿಂತ ಜಾಸ್ತಿ ಎತ್ತಲಾರದು. ಇಪ್ಪತ್ತು ಹಾರ್ಸ್‌ಪವರ್ ಹಾಕಿದರೂ ಅಷ್ಟೇ.

ಯಾಕೆಂದರೆ ಪಂಪ್ ಎಳೆಯುವುದೇ ಇಲ್ಲ. ಅದು ತನ್ನ ಬಾಯಲ್ಲಿ ಒತ್ತಡ ಇಳಿಸುತ್ತದೆ, ಅಷ್ಟೇ. ನೀರನ್ನು ಒಳಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಸಮುದ್ರ ಮಟ್ಟದಲ್ಲಿ ಆ ಭಾರ 10.3 ಮೀಟರ್ ನೀರಿಗೆ ಸಮ. ಅದರಲ್ಲಿ ಪೈಪಿನ ಉಜ್ಜಾಟಕ್ಕೆ, ಫುಟ್‌ವಾಲ್ವಿಗೆ, ಪಂಪಿನ ಒಳಗಿನ ತಿರುವಿಗೆ ಅಂತ ಕಳೆದರೆ ಏಳೆಂಟು ಉಳಿಯುತ್ತದೆ. ರೈತರಿಗೆ ಈ ಲೆಕ್ಕ ಗೊತ್ತು. ಎಂಜಿನಿಯರಿಂಗ್ ಓದಿದ ನಾವು ಎಷ್ಟೋ ಸಲ ಮರೆಯುತ್ತೇವೆ.

ನಿಮ್ಮ ಅಸಿಟೋನಿಗೆ ಇದರ ಜೊತೆ ಇನ್ನೊಂದು ತಲೆನೋವು ಇದೆ. ಅದು ಆವಿಯಾಗಲು ಕಾಯುತ್ತಾ ಕೂತ ದ್ರವ. ಯಾವ ದ್ರವವೂ ಕುದಿಯುವುದು ಬಿಸಿ ಹೆಚ್ಚಾದಾಗ ಮಾತ್ರವಲ್ಲ, ಒತ್ತಡ ಇಳಿದಾಗಲೂ ಕುದಿಯುತ್ತದೆ. ಬೆಂಗಳೂರಿನಲ್ಲಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುವುದು ಇದಕ್ಕೇ. ಅಸಿಟೋನ್ ಸಮುದ್ರ ಮಟ್ಟದಲ್ಲೇ 56 ಡಿಗ್ರಿಗೆ ಕುದಿಯುತ್ತದೆ. 45 ಡಿಗ್ರಿಯಲ್ಲಿದ್ದರೆ, ಒತ್ತಡ 0.68 ಬಾರ್‌ಗೆ ಇಳಿದ ಕೂಡಲೇ ತಣ್ಣಗೆ ಕುದಿಯಲು ಶುರು. ಪಂಪಿನ ಬಾಯಲ್ಲಿ, ಇಂಪೆಲ್ಲರಿನ ಎಲೆಗಳ ಅಂಚಿನಲ್ಲಿ, ಇಳಿಯುವುದು ಅದೇ ಒತ್ತಡ. ಅಲ್ಲಿ ಗುಳ್ಳೆ ಏಳುತ್ತದೆ. ಎರಡು ಅಂಗುಲ ಮುಂದೆ ಹೋದರೆ ಒತ್ತಡ ಮತ್ತೆ ಏರಿರುತ್ತದೆ, ಗುಳ್ಳೆ ಕುಸಿದು ಸಿಡಿಯುತ್ತದೆ. ನಿಮಗೆ ಕೇಳುವ ಜಲ್ಲಿಕಲ್ಲಿನ ಸದ್ದು ಅದೇ. ಹೀಗೆ ಗುಳ್ಳೆ ಎದ್ದು ಸಿಡಿಯುವುದಕ್ಕೇ ಕ್ಯಾವಿಟೇಶನ್ ಅನ್ನುವುದು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪೈಪಿನ ಅಳತೆಗಳು ನನ್ನ ಹತ್ತಿರ ಇಲ್ಲ, ಹಾಗಾಗಿ ಕೆಲವನ್ನು ಊಹಿಸಿಕೊಳ್ಳುತ್ತೇನೆ. ನೀವು ನಿಮ್ಮ ಅಂಕಿ ಹಾಕಿ ಮತ್ತೆ ಮಾಡಿ. ನಿಮ್ಮ ಜಿಲ್ಲೆ ಸಮುದ್ರ ಮಟ್ಟದಿಂದ ಆರೂವರೆ ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 0.94 ಬಾರ್. ಮಂಗಳೂರಿನಲ್ಲಿ ಕೂತು ಡಿಸೈನ್ ಮಾಡಿದವರು ಇಲ್ಲೇ ಅರ್ಧ ಮೀಟರಿಗಿಂತ ಜಾಸ್ತಿ ಕಳೆದುಕೊಳ್ಳುತ್ತಾರೆ.

ರಾತ್ರಿ ಅಸಿಟೋನ್ 30 ಡಿಗ್ರಿ ಇದೆ ಅಂದುಕೊಳ್ಳಿ. ಅದರ ಆವಿ ಒತ್ತಡ, ಅಂದರೆ ಎಷ್ಟಕ್ಕೆ ಇಳಿದರೆ ಅದು ಕುದಿಯುತ್ತದೋ ಆ ಒತ್ತಡ, 0.38 ಬಾರ್. 0.94ರಲ್ಲಿ ಅದನ್ನು ಕಳೆದರೆ 0.56 ಬಾರ್. ಅಸಿಟೋನ್ ಕಂಬದ ಎತ್ತರದಲ್ಲಿ ಹೇಳಿದರೆ 7.3 ಮೀಟರ್. ರಿಸೀವರಿನಲ್ಲಿ ದ್ರವ ಪಂಪಿಗಿಂತ ಒಂದೂವರೆ ಮೀಟರ್ ಮೇಲಿದೆ, ಪೈಪು ಮತ್ತು ಸ್ಟ್ರೇನರ್ (ಕಸ ತಡೆಯುವ ಜಾಲರಿ) ಸೇರಿ ಒಂದೂವರೆ ಮೀಟರ್ ತಿನ್ನುತ್ತವೆ ಅಂದರೆ ಅವೆರಡೂ ವಜಾ. ಕೈಯಲ್ಲಿ 7.3 ಮೀಟರ್ ಉಳಿಯಿತು.

ಮಧ್ಯಾಹ್ನ ಅದೇ ಅಸಿಟೋನ್ 45 ಡಿಗ್ರಿ. ಆವಿ ಒತ್ತಡ 0.68. ಉಳಿದದ್ದು 0.26 ಬಾರ್, ಅಂದರೆ ಮೂರೂವರೆ ಮೀಟರ್. ಬರೀ ಹದಿನೈದು ಡಿಗ್ರಿಗೆ ನಾಲ್ಕು ಮೀಟರ್ ಹತ್ತಿರ ಹೋಯಿತು. ಪಂಪ್ ಅದೇ, ಪೈಪ್ ಅದೇ, ಫಿಟ್ಟರ್ ಅದೇ. ಬದಲಾಗಿದ್ದು ಬಿಸಿಲು.

ಈ ಉಳಿಕೆಯನ್ನೇ ಎನ್‌ಪಿಎಸ್‌ಎಚ್ (ನೆಟ್ ಪಾಸಿಟಿವ್ ಸಕ್ಷನ್ ಹೆಡ್) ಎನ್ನುವುದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತಿರುತ್ತೀರಿ, ನಾನೂ ಮರೆತಿದ್ದೆ. ಕೈಗೆ ಸಿಗುವುದು ಒಂದು, ಪಂಪ್ ಕೇಳುವುದು ಇನ್ನೊಂದು. ಕೇಳುವುದು ಎಷ್ಟು ಅಂತ ಪಂಪಿನ ಕರ್ವ್‌ನಲ್ಲಿ, ಅಂದರೆ ತಯಾರಿಸಿದವರು ಕೊಡುವ ಗ್ರಾಫಿನಲ್ಲಿ, ಬರೆದಿರುತ್ತದೆ. ಇಷ್ಟು ಚಿಕ್ಕ ಪಂಪಿಗೆ ಮೂರು ಮೀಟರ್ ಅಂತಿಟ್ಟುಕೊಳ್ಳಿ. ಸಿಗುವುದು ಮೂರೂವರೆ, ಬೇಕಾದದ್ದು ಮೂರು. ಅರ್ಧ ಮೀಟರ್ ಮಿಕ್ಕಿತು, ಎಲ್ಲ ಸರಿ ಇದೆ ಅಂತ ಫೈಲ್ ಮುಚ್ಚುತ್ತಾರೆ.

ಸರಿ ಇಲ್ಲ. ಆ ಮೂರು ಮೀಟರ್ ಎಂಬ ಅಂಕಿ ಹೇಗೆ ಬಂತು ಗೊತ್ತಾ? ಪಂಪ್ ತಯಾರಿಸಿದವರು ಟೆಸ್ಟ್ ಬೆಡ್‌ನಲ್ಲಿ ತಣ್ಣೀರು ಓಡಿಸುತ್ತಾರೆ. ಸಕ್ಷನ್ (ದ್ರವ ಒಳಬರುವ ಕಡೆಯ) ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಪಂಪಿನ ಹೆಡ್ (ಅದು ದ್ರವವನ್ನು ಎತ್ತಬಲ್ಲ ಎತ್ತರ) ಶೇಕಡ 3ರಷ್ಟು ಬಿದ್ದ ಕ್ಷಣ ಅಲ್ಲಿ ಗೆರೆ ಎಳೆಯುತ್ತಾರೆ. ಅಂದರೆ ಕರ್ವ್‌ನಲ್ಲಿರುವುದು ಗುಳ್ಳೆ ಶುರುವಾಗುವ ಜಾಗದ ಅಂಕಿ ಅಲ್ಲ. ಗುಳ್ಳೆಗಳು ಎಷ್ಟು ತುಂಬಿಕೊಂಡಿವೆ ಅಂದರೆ ಪಂಪ್ ಆಗಲೇ ಏದುಸಿರು ಬಿಡುತ್ತಿದೆ, ಆ ಜಾಗದ ಅಂಕಿ. ಗುಳ್ಳೆ ಏಳುವುದು ಅದಕ್ಕೆ ಎಷ್ಟೋ ಮೊದಲೇ, ಕೆಲವು ಪಂಪುಗಳಲ್ಲಿ ಆ ಅಂಕಿಯ ಎರಡು ಪಟ್ಟು ಕೈಯಲ್ಲಿದ್ದಾಗಲೇ. ಹಾಗಾಗಿ ಮೂರಕ್ಕೆ ಮೂರೂವರೆ ಎಂದರೆ ತಿಂಗಳ ಕೊನೆಯಲ್ಲಿ ಜೇಬಿನಲ್ಲಿ ಐವತ್ತು ರೂಪಾಯಿ ಉಳಿದ ಹಾಗೆ. ಸಾಲ ಮಾಡಿಲ್ಲ, ನಿಜ. ನೆಮ್ಮದಿಯಂತೂ ಇಲ್ಲ.

ಮೇಲಾಗಿ ಇದು ಸ್ಟ್ರೇನರ್ ಚೊಕ್ಕವಾಗಿದ್ದಾಗಿನ ಲೆಕ್ಕ. ಅರ್ಧ ಕಟ್ಟಿಕೊಂಡಿದ್ದರೆ ಇನ್ನೊಂದೂವರೆ ಮೀಟರ್ ಹೋಯಿತು ಅಂತಲೇ ಲೆಕ್ಕ. ರಿಸೀವರ್ ಖಾಲಿಯಾಗುತ್ತಾ ಬಂದಾಗ ಮೇಲಿನ ಒಂದೂವರೆ ಮೀಟರೂ ಕರಗುತ್ತದೆ. ಸದ್ದು ಬ್ಯಾಚಿನ ಕೊನೆಯಲ್ಲಿ ಜಾಸ್ತಿ ಆಗುತ್ತದಾ ಅಂತ ಗಮನಿಸಿ. ಆಗುತ್ತದೆ ಅಂತ ನನ್ನ ಊಹೆ.

ನಿಮ್ಮ ಫಿಟ್ಟರಿನ ಕೈಚಳಕದ ಗುಟ್ಟು ಈಗ ತಿಳಿಯುತ್ತದೆ. ಡಿಸ್ಚಾರ್ಜ್ ವಾಲ್ವ್ ಸ್ವಲ್ಪ ಮುಚ್ಚಿದರೆ ಹರಿವು ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದರೆ ಸಕ್ಷನ್ ಪೈಪಿನ ನಷ್ಟ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಹರಿವು ಶೇಕಡ 20 ಇಳಿದರೆ ನಷ್ಟ ಶೇಕಡ 36 ಇಳಿಯಿತು. ಅದೇ ಹೊತ್ತಿಗೆ ಪಂಪ್ ಕೇಳುವುದೂ ಕಡಿಮೆಯಾಗುತ್ತದೆ. ಎರಡೂ ಕಡೆಯಿಂದ ಲಾಭ. ನಿಮ್ಮ ಪಂಪ್ ಕಳಿಸುತ್ತಿರುವುದು ಹತ್ತಿರದ ಟ್ಯಾಂಕಿಗೆ, ಎದುರಿಗೆ ಅಂಥ ಒತ್ತಡ ಏನೂ ಇಲ್ಲ. ಅಂಥ ಕಡೆ ಪಂಪ್ ತಡೆಯಿಲ್ಲದೆ ತನ್ನ ಕರ್ವ್‌ನ ಬಲತುದಿಗೆ, ಅಂದರೆ ಹರಿವು ಅತಿ ಹೆಚ್ಚಿರುವ ಕಡೆಗೆ, ಓಡಿಹೋಗಿರುತ್ತದೆ. ಫಿಟ್ಟರ್ ಅದನ್ನು ಲಗಾಮು ಹಿಡಿದು ಹಿಂದಕ್ಕೆ ತಂದಿದ್ದಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಈ ಉಪಾಯಕ್ಕೆ ಸಕ್ಷನ್ ವಾಲ್ವನ್ನು ಯಾವತ್ತೂ ಮುಟ್ಟಬಾರದು. ಅದನ್ನು ಮುಚ್ಚಿದರೆ ನಷ್ಟ ಹೆಚ್ಚಾಗಿ ಕಾಯಿಲೆ ಇಮ್ಮಡಿಯಾಗುತ್ತದೆ. ಹೊಸಬರು ಗಡಿಬಿಡಿಯಲ್ಲಿ ಇದನ್ನು ಮಾಡಿದ್ದನ್ನು ನೋಡಿದ್ದೇನೆ.

ಇನ್ನು ಇಂಪೆಲ್ಲರ್ ಹೊಸದರ ಹಾಗಿದೆ ಎಂಬ ವಾದ. ಕ್ಯಾವಿಟೇಶನ್ ಎಂದರೆ ಕಬ್ಬಿಣ ಕೊರೆದು ಜೇನುಗೂಡಿನ ಹಾಗೆ ಆಗಬೇಕು ಅಂತ ಎಲ್ಲರ ತಲೆಯಲ್ಲಿದೆ. ನೀರಿನ ಪಂಪಿನಲ್ಲಿ ಅದು ನಿಜ. 25 ಡಿಗ್ರಿಯ ಒಂದು ಲೀಟರ್ ನೀರು ಅದೇ ಬಿಸಿಯಲ್ಲಿ ಆವಿಯಾದರೆ ಸುಮಾರು 43,000 ಲೀಟರ್ ಆವಿ ಆಗುತ್ತದೆ. ಅಂದರೆ ಆ ಗುಳ್ಳೆಯೊಳಗೆ ಹೆಚ್ಚೂಕಡಿಮೆ ಏನೂ ಇಲ್ಲ. ಕುಸಿಯುವಾಗ ತಡೆಯುವವರೂ ಇಲ್ಲ. ಸುತ್ತಲ ನೀರು ಸುತ್ತಿಗೆಯ ಏಟಿನ ಹಾಗೆ ಲೋಹಕ್ಕೆ ಬಡಿಯುತ್ತದೆ. ಅಸಿಟೋನ್ ಹಾಗಲ್ಲ. 45 ಡಿಗ್ರಿಯಲ್ಲಿ ಒಂದು ಲೀಟರ್ ಅಸಿಟೋನ್ ಬರೀ 500 ಲೀಟರ್ ಚಿಲ್ಲರೆ ಆವಿ ಆಗುತ್ತದೆ. ಗುಳ್ಳೆಯಲ್ಲಿ ಗಟ್ಟಿ ಆವಿ ತುಂಬಿರುತ್ತದೆ, ಅದು ಹತ್ತಿಯ ದಿಂಬಿನ ಹಾಗೆ ಏಟು ತಡೆಯುತ್ತದೆ. ಆದ್ದರಿಂದ ಇಂಪೆಲ್ಲರಿಗೆ ಗಾಯ ಆಗುವುದಿಲ್ಲ, ಒಂದು ವೇಳೆ ಆದರೂ ತುಂಬಾ ನಿಧಾನ.

ಹಾಗಾದರೆ ಪೆಟ್ಟು ತಿನ್ನುವವರು ಯಾರು? ಸೀಲ್. ಮೆಕ್ಯಾನಿಕಲ್ ಸೀಲಿನ ಎರಡು ಮುಖಗಳ ನಡುವೆ ಇರುವುದು ಮೈಕ್ರಾನ್ ಲೆಕ್ಕದ ದ್ರವದ ಪದರ. ನಮ್ಮ ಕೂದಲಿನ ದಪ್ಪದ ಹತ್ತಿಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಆ ಪದರವೇ ಅದಕ್ಕೆ ಎಣ್ಣೆ, ಅದೇ ಅದಕ್ಕೆ ತಂಪು. ಅಸಿಟೋನ್ ಮೊದಲೇ ಕುದಿಯುವ ಅಂಚಿನಲ್ಲಿದೆ, ಮೇಲೆ ಮುಖಗಳ ಉಜ್ಜಾಟದ ಬಿಸಿ. ಪದರ ಪಟ್ಟನೆ ಆವಿಯಾಗುತ್ತದೆ, ಮುಖಗಳು ಒಂದು ಕ್ಷಣ ಬಾಯ್ತೆರೆದು ಮತ್ತೆ ಬಡಿದುಕೊಳ್ಳುತ್ತವೆ, ಒಣಗಿ ಉಜ್ಜುತ್ತವೆ. ಜೊತೆಗೆ ಗುಳ್ಳೆಗಳಿಂದ ಶಾಫ್ಟ್ ನಡುಗುತ್ತದೆ. ತೆಗೆದ ಸೀಲು ಇನ್ನೂ ಸ್ಟೋರಿನಲ್ಲಿದ್ದರೆ ಕಾರ್ಬನ್ ಮುಖದ ಅಂಚನ್ನು ಲೆನ್ಸ್ ಹಿಡಿದು ನೋಡಿ. ಚಿಕ್ಕ ಚಿಕ್ಕ ಚೂರು ಎದ್ದಿದ್ದರೆ ನಾನು ಹೇಳಿದ್ದೇ ಆಗಿದೆ.

ಹಾಗೇ ಸೀಲಿನ ಓ-ರಿಂಗನ್ನೂ (ರಬ್ಬರ್ ಬಳೆ) ಕೈಯಲ್ಲಿ ಹಿಡಿದು ನೋಡಿ. ಕಪ್ಪಗೆ ಊದಿಕೊಂಡು ಮೆತ್ತಗಾಗಿದೆಯಾ? ನಮ್ಮ ಸ್ಟೋರುಗಳಲ್ಲಿ ಒಂದು ನಂಬಿಕೆ ಇದೆ: ವೈಟಾನ್ ರಬ್ಬರ್ ಅಂದರೆ ದುಬಾರಿ, ದುಬಾರಿ ಅಂದರೆ ಒಳ್ಳೆಯದು. ಅಸಿಟೋನಿಗೆ ವೈಟಾನ್ ಆಗಲೇ ಬಾರದು, ಊದಿಕೊಂಡು ಕೆಡುತ್ತದೆ. ಅಗ್ಗದ ಇಪಿಡಿಎಂ ರಬ್ಬರ್ ಅಲ್ಲಿ ಚೆನ್ನಾಗಿ ಬಾಳುತ್ತದೆ. ಪಕ್ಕದ ಟೊಲುಯೀನ್ ಪಂಪಿಗೆ ಇದೇ ಇಪಿಡಿಎಂ ಹಾಕಿದರೆ ಅದು ಊದುತ್ತದೆ, ಅಲ್ಲಿ ವೈಟಾನೇ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಎರಡೂ ಕಪ್ಪಗೆ ಒಂದೇ ಥರ ಕಾಣುತ್ತವೆ.

ಗುಳ್ಳೆಗಳ ಈ ಕಾಟ ಮೊದಲು ಕಂಡಿದ್ದು ಪಂಪಿನಲ್ಲಿ ಅಲ್ಲ, ಹಡಗಿನಲ್ಲಿ. 1894ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಸ್ಟೀಮ್ ಟರ್ಬೈನ್ ಕೂರಿಸಿದ ಟರ್ಬಿನಿಯಾ ಎಂಬ ದೋಣಿ ಕಟ್ಟಿದ. ಎಂಜಿನ್ ಜೋರಾಗಿ ತಿರುಗಿತು, ದೋಣಿ ಮಾತ್ರ ಅಂದುಕೊಂಡಷ್ಟು ಓಡಲಿಲ್ಲ. ಪ್ರೊಪೆಲ್ಲರ್ ನೀರಿನ ಬದಲು ಆವಿಯನ್ನು ಕಡೆಯುತ್ತಿತ್ತು. ಅವನು ಏನು ಮಾಡಿದ ನೋಡಿ. ಇನ್ನೂ ದೊಡ್ಡ ಎಂಜಿನ್ ತರಲಿಲ್ಲ. ಒಂದೇ ಶಾಫ್ಟಿನ ಕೆಲಸವನ್ನು ಮೂರು ಶಾಫ್ಟಿಗೆ, ಒಂಬತ್ತು ಪ್ರೊಪೆಲ್ಲರಿಗೆ ಹಂಚಿದ. 1897ರಲ್ಲಿ ವಿಕ್ಟೋರಿಯಾ ರಾಣಿಯ ನೌಕಾಪಡೆಯ ಪರೇಡಿನ ನಡುವೆ ನುಗ್ಗಿ, ಬೆನ್ನಟ್ಟಿದ ದೋಣಿಗಳ ಕೈಗೆ ಸಿಗದೆ ಓಡಿತು. ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಹುಟ್ಟುತ್ತದೆ ಎಂಬ ಲೆಕ್ಕವನ್ನು ಲಾರ್ಡ್ ರೇಲಿ ಕೊಟ್ಟಿದ್ದು 1917ರಲ್ಲಿ.

ನಿಮಗೆ ದೊಡ್ಡ ಪಂಪ್ ಮಾರಲು ಬಂದವರಿಗೆ ಇದನ್ನು ಹೇಳಿ. ದೊಡ್ಡ ಪಂಪ್ ಇನ್ನೂ ಜಾಸ್ತಿ ಹರಿವು ಕೇಳುತ್ತದೆ, ಅದೇ ಸಣ್ಣ ಸಕ್ಷನ್ ಪೈಪಿನಲ್ಲಿ ನಷ್ಟ ಇನ್ನೂ ಏರುತ್ತದೆ. ನೀವು ವಾಲ್ವ್ ಮುಚ್ಚಿ ಅದನ್ನು ಹಿಡಿದಿಡಲು ಹೋದರೆ ಅದು ತನ್ನ ಒಳ್ಳೆಯ ಜಾಗದಿಂದ ತೀರಾ ಎಡಕ್ಕೆ ಸರಿಯುತ್ತದೆ. ಅಲ್ಲಿ ದ್ರವ ಇಂಪೆಲ್ಲರಿನ ಬಾಯಲ್ಲೇ ಸುಳಿ ತಿರುಗುತ್ತದೆ, ಇನ್ನೊಂದು ಥರದ ಸದ್ದು ಶುರುವಾಗುತ್ತದೆ. ತೈಲ ಉದ್ಯಮದ ಪಂಪುಗಳಿಗೆ ಇರುವ ಎಪಿಐ 610 ಎಂಬ ಮಾನದಂಡ, ಪಂಪಿನ ಅತಿ ಹೆಚ್ಚು ದಕ್ಷತೆಯ ಹರಿವಿನ ಶೇಕಡ 70ರಿಂದ 120ರ ಒಳಗೆ ಓಡಿಸಿ ಅನ್ನುತ್ತದೆ. ನನ್ನ ಅನುಭವದಲ್ಲಿ ಆ ಗಡಿ ದಾಟಿ ಓಡಿದ ಪಂಪುಗಳೇ ವರ್ಕ್‌ಶಾಪಿಗೆ ಪದೇ ಪದೇ ಬರುವುದು.

‘ಹಾಗಿದ್ದರೆ ಕಡಿಮೆ ಎನ್‌ಪಿಎಸ್‌ಎಚ್ ಕೇಳುವ ಪಂಪ್ ಕೊಡುತ್ತೇವೆ’ ಅಂತಾರೆ ಮುಂದಿನ ಸಲ. ಅದಕ್ಕೂ ಒಂದು ಎಚ್ಚರಿಕೆ. ಇಂಪೆಲ್ಲರಿನ ಬಾಯಿ ಅಗಲ ಮಾಡಿದರೆ ಆ ಅಂಕಿ ಇಳಿಯುತ್ತದೆ, ಆದರೆ ಪಂಪ್ ನೆಮ್ಮದಿಯಾಗಿ ಓಡುವ ಜಾಗ ಕಿರಿದಾಗುತ್ತದೆ. 1982ರಲ್ಲಿ ಹ್ಯಾಲಮ್ ಎಂಬ ಎಂಜಿನಿಯರ್ ಅಮೆರಿಕದ ಟೆಕ್ಸಸ್ ಸಿಟಿಯ ಒಂದು ರಿಫೈನರಿಯ 480 ಪಂಪುಗಳ ಐದು ವರ್ಷದ ದಾಖಲೆ ಅಳೆದು ನೋಡಿದ. ಅಗಲ ಬಾಯಿಯ ಪಂಪುಗಳು ಉಳಿದವಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಕೆಟ್ಟಿದ್ದವು. ಕಾಗದದ ಮೇಲೆ ಒಳ್ಳೆಯ ಅಂಕಿ ತೋರಿಸಲು ಮಾಡಿದ ಪಂಪ್ ನೆಲದ ಮೇಲೆ ಕೈಕೊಟ್ಟಿತ್ತು.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ಕಾಂಪೌಂಡ್ ಗೇಜ್ ತಂದು ಸಕ್ಷನ್ ಫ್ಲ್ಯಾಂಜಿನ ಹತ್ತಿರ ಹಾಕಿ. ಸೊನ್ನೆಯ ಕೆಳಗೂ ಮೇಲೂ ಓದುತ್ತದಲ್ಲ, ಅದು. ನಮ್ಮ ಕಾರ್ಖಾನೆಗಳಲ್ಲಿ ಡಿಸ್ಚಾರ್ಜಿಗೆ ಗೇಜ್ ಇರುತ್ತದೆ, ಸಕ್ಷನ್ನಿಗೆ ಒಂದು ಪ್ಲಗ್ ಜಡಿದು ಬಿಟ್ಟಿರುತ್ತಾರೆ. ರೋಗಿಯ ಬಾಯಿ ನೋಡದೆ ಹೊಟ್ಟೆ ಮಾತ್ರ ಒತ್ತಿ ನೋಡುವ ಡಾಕ್ಟರ್ ಥರ. ಆ ಗೇಜಿನ ಓದು, ದ್ರವದ ಬಿಸಿ, ಟ್ಯಾಂಕಿನ ಮಟ್ಟ, ಇಷ್ಟನ್ನು ಮಧ್ಯಾಹ್ನ ಎರಡಕ್ಕೆ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಬರೆದಿಡಿ.

ಆಮೇಲೆ ಸ್ಟ್ರೇನರ್. ಇಲ್ಲಿ ನನ್ನ ಒಂದು ನಾಚಿಕೆಯ ಕಥೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಕಾರ್ಖಾನೆಯಲ್ಲಿ ಇದೇ ಥರ ಸದ್ದು ಮಾಡುವ ಪಂಪಿಗೆ ನಾನು ಬೇರಿಂಗ್ ಬದಲಿಸಿದೆ. ಅಲೈನ್‌ಮೆಂಟ್ ಎರಡು ಸಲ ಮಾಡಿದೆ. ಫೌಂಡೇಶನ್ ಬೋಲ್ಟ್ ಬಿಗಿದೆ. ಸೀಲ್ ಕಂಪನಿಯವರ ಜೊತೆ ಜಗಳ ಆಡಿದೆ. ಲೈನಿನ ಸ್ಟ್ರೇನರ್ ಬಿಚ್ಚಿ ನೋಡಿ ಚೊಕ್ಕ ಇದೆ ಅಂತ ರಿಪೋರ್ಟ್ ಬರೆದೆ. ಆರು ತಿಂಗಳಾದ ಮೇಲೆ ಒಬ್ಬ ಹಳೇ ಪೈಪ್ ಫಿಟ್ಟರ್ ಪಂಪಿನ ಬಾಯಿಯ ಸ್ಪೂಲ್ (ಬಿಚ್ಚಬಹುದಾದ ಪೈಪಿನ ತುಂಡು) ಬಿಚ್ಚಿದ. ಒಳಗೆ ಕಮಿಷನಿಂಗ್ ಹೊತ್ತಿಗೆ ಹಾಕಿದ ಕೋನ್ ಸ್ಟ್ರೇನರ್ ಹಾಗೇ ಕೂತಿತ್ತು, ವೆಲ್ಡಿಂಗ್ ಕಿಟ್ಟ ಮತ್ತು ತುಕ್ಕಿನ ಹೆಕ್ಕಳೆಯಿಂದ ಮುಕ್ಕಾಲು ಮುಚ್ಚಿಹೋಗಿತ್ತು. ತೆಗೆಯಬೇಕಿದ್ದವರು ಮರೆತಿದ್ದರು. ಅದು ಡ್ರಾಯಿಂಗಿನಲ್ಲೂ ಇರಲಿಲ್ಲ. ಆತ ಅದನ್ನು ನನ್ನ ಟೇಬಲ್ ಮೇಲೆ ಇಟ್ಟು ಏನೂ ಮಾತಾಡದೆ ಹೋದ. ಅಂಥದ್ದು ಸ್ಪೂಲಿನೊಳಗೆ ಇದ್ದರೆ ಎರಡು ಫ್ಲ್ಯಾಂಜುಗಳ ನಡುವೆ ತಗಡಿನ ಒಂದು ಕಿವಿ ಹೊರಗೆ ಚಾಚಿರುತ್ತದೆ. ಹುಡುಕಿ ನೋಡಿ.

ಪೈಪಿನ ಆಕಾರವನ್ನೂ ಒಮ್ಮೆ ಕಣ್ಣಲ್ಲಿ ಹಿಡಿಯಿರಿ. ಪಂಪಿನ ಬಾಯಿಗೆ ಅಂಟಿಕೊಂಡೇ ಎಲ್ಬೋ (ಪೈಪಿನ ತಿರುವು) ಇದೆಯಾ? ಇರಬಾರದು. ಅಡ್ಡ ಪೈಪಿನ ರೆಡ್ಯೂಸರಿನ (ದಪ್ಪ ಪೈಪನ್ನು ಸಣ್ಣದಕ್ಕೆ ಸೇರಿಸುವ ತುಂಡು) ಚಪ್ಪಟೆ ಮೈ ಮೇಲಿರಬೇಕು, ಇಲ್ಲದಿದ್ದರೆ ಆ ಉಬ್ಬಿನಲ್ಲಿ ಆವಿ ಕೂತುಕೊಳ್ಳುತ್ತದೆ.

ಆದರೆ ನಿಮಗೆ ನಿಜವಾದ ಲಾಭ ಇರುವುದು ತಂಪಿನಲ್ಲಿ. ಮೇಲಿನ ಲೆಕ್ಕದಲ್ಲೇ 45ರ ಬದಲು 35 ಡಿಗ್ರಿ ಹಾಕಿ. ಉಳಿಕೆ ಮೂರೂವರೆಯಿಂದ 6.3 ಮೀಟರಿಗೆ ಏರುತ್ತದೆ. ಟ್ಯಾಂಕನ್ನು ಅಷ್ಟು ಎತ್ತರಿಸಬೇಕಾದರೆ ಮೂರು ಮೀಟರ್ ಹತ್ತಿರ ಏರಿಸಬೇಕು, ಸಿವಿಲ್ ಕೆಲಸ, ಹೊಸ ಪೈಪು, ಹತ್ತು ಸಹಿ. ಹಾಗಾಗಿ ಪಂಪಿನ ಹತ್ತಿರ ನಿಲ್ಲುವುದು ಬಿಟ್ಟು ಕಂಡೆನ್ಸರ್ ಹತ್ತಿರ ಹೋಗಿ. ಟ್ಯೂಬಿನೊಳಗೆ ಸುಣ್ಣ ಕಟ್ಟಿದೆಯಾ? ಕೂಲಿಂಗ್ ಟವರಿನ ಫ್ಯಾನ್ ಸರಿಯಾಗಿ ಓಡುತ್ತಿದೆಯಾ? ಚಿಲ್ಡ್ ವಾಟರ್ ಇದ್ದರೆ ಕಂಡೆನ್ಸರ್ ಆದ ಮೇಲೆ ಒಂದು ಚಿಕ್ಕ ಕೂಲರ್ ಹಾಕಬಹುದು. ರಿಸೀವರ್ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದರೆ ನೆರಳು ಮಾಡಿ, ಬಿಳಿ ಬಣ್ಣ ಬಳಿಯಿರಿ. ಮೂರು ಸೀಲಿನ ದುಡ್ಡಿಗೆ ಎಷ್ಟು ಡಬ್ಬ ಪೇಂಟ್ ಬರುತ್ತದೆ ಅಂತ ಮ್ಯಾನೇಜರಿಗೆ ಲೆಕ್ಕ ಕೊಡಿ.

ಅಷ್ಟರವರೆಗೆ ಡಿಸ್ಚಾರ್ಜ್ ವಾಲ್ವ್ ಹಿಡಿದಿಡುವುದು ತಪ್ಪಲ್ಲ. ಎಷ್ಟು ಸುತ್ತು ಅಂತ ವಾಲ್ವ್ ಮೇಲೆ ಗುರುತು ಹಾಕಿ, ಇಲ್ಲವಾದರೆ ಪಾಳಿಗೊಬ್ಬರು ಒಂದೊಂದು ಥರ ತಿರುಗಿಸುತ್ತಾರೆ. ಕಾಯಂ ಆಗಿ ಬೇಕು ಅಂದರೆ ಒಂದು ಆರಿಫಿಸ್ ಪ್ಲೇಟ್ (ಹರಿವು ತಡೆಯುವ ತೂತಿನ ತಗಡು) ಹಾಕಿ. ಪೂರ್ತಿ ಮುಚ್ಚಿ ಮಾತ್ರ ಓಡಿಸಬೇಡಿ, ಒಳಗಿನ ಅಸಿಟೋನ್ ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ. ರಿಸೀವರಿನ ಲೋ-ಲೆವೆಲ್ ಟ್ರಿಪ್ಪನ್ನು (ದ್ರವ ಕೆಳಗಿಳಿದಾಗ ಪಂಪ್ ನಿಲ್ಲಿಸುವ ಮಟ್ಟ) ಸ್ವಲ್ಪ ಮೇಲಕ್ಕೆ ತರಬಹುದು. ಇಷ್ಟೆಲ್ಲ ಆದ ಮೇಲೂ ಸದ್ದು ಉಳಿದರೆ ಸಕ್ಷನ್ ಪೈಪಿನ ಅಳತೆ ಒಂದು ಸೈಜ್ ದೊಡ್ಡದು ಮಾಡಿ. ಹೊಸ ಪಂಪಿನ ಮಾತು ಅದಾದ ಮೇಲೆ. ಆಗಲೂ ನನ್ನ ಓಟು ಕಡಿಮೆ ವೇಗದ, 1,450 ಸುತ್ತಿನ ಪಂಪಿಗೆ.

ಸೀಲ್ ಬದಲಿಸುವುದನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ದುಡ್ಡು ಒಂದೇ ಕಾರಣ ಅಲ್ಲ. ಅಸಿಟೋನಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಬಿಸಿ) ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಅದರ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ನೆಲದ ಮೇಲೆ ಹರಿದು ಚರಂಡಿ ಸೇರುತ್ತದೆ. ನಾಲ್ಕು ತಿಂಗಳಲ್ಲಿ ಮೂರು ಸಲ ನೀವು ಆ ಲೈನ್ ಬಿಚ್ಚಿದ್ದೀರಿ, ಮೂರು ಸಲ ಮುಚ್ಚಿದ್ದೀರಿ.

1988ರ ಜುಲೈ 6ರಂದು ಸ್ಕಾಟ್ಲೆಂಡ್ ಪಕ್ಕದ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಆಗಿದ್ದೂ ಪಂಪ್ ಮೆಂಟೆನೆನ್ಸಿನ ಕಥೆಯೇ. ಎರಡು ಕಂಡೆನ್ಸೇಟ್ ಪಂಪ್ ಇದ್ದವು. ಒಂದನ್ನು ಕೆಲಸಕ್ಕೆಂದು ನಿಲ್ಲಿಸಿದ್ದರು. ಅದರ ಸೇಫ್ಟಿ ವಾಲ್ವನ್ನು ಬಿಚ್ಚಿ ಒಯ್ದು, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ (ಪೈಪಿನ ಬಾಯಿ ಮುಚ್ಚುವ ತಟ್ಟೆ) ಕೂರಿಸಿದ್ದರು. ಅದು ಸೋರದಷ್ಟು ಬಿಗಿಯಾಗಿರಲಿಲ್ಲ. ಪಂಪಿನ ಕೆಲಸಕ್ಕೆ ಒಂದು ಪರ್ಮಿಟ್, ವಾಲ್ವಿನ ಕೆಲಸಕ್ಕೆ ಇನ್ನೊಂದು. ರಾತ್ರಿ ಹತ್ತರ ಹತ್ತಿರ ಓಡುತ್ತಿದ್ದ ಪಂಪ್ ನಿಂತುಹೋಯಿತು. ರಾತ್ರಿ ಪಾಳಿಯವರಿಗೆ ವಾಲ್ವ್ ಇಲ್ಲ ಎಂಬ ಸುದ್ದಿ ಮುಟ್ಟಿರಲಿಲ್ಲ. ನಿಲ್ಲಿಸಿದ್ದ ಪಂಪನ್ನು ಚಾಲೂ ಮಾಡಲು ಹೋದರು. 167 ಜನ ಸತ್ತರು. ಲಾರ್ಡ್ ಕಲೆನ್ ಅವರ ತನಿಖಾ ವರದಿ 1990ರಲ್ಲಿ 106 ಶಿಫಾರಸು ಮಾಡಿತು. ಪರ್ಮಿಟ್ ಪುಸ್ತಕ ತುಂಬಿಸುವಾಗ ಬೇಜಾರು ಬಂದರೆ ಇದನ್ನು ನೆನೆಸಿಕೊಳ್ಳಿ. ಪಾಳಿ ಬದಲಾಗುವಾಗ ಬರೀ ಪುಸ್ತಕ ಕೊಟ್ಟು ಹೋಗಬೇಡಿ, ಮುಂದಿನವರನ್ನು ಪಂಪಿನ ಹತ್ತಿರ ಕರೆದುಕೊಂಡು ಹೋಗಿ ಬಿಚ್ಚಿದ ಜಾಗ ತೋರಿಸಿ.

ಈಗ ಕಂಪ್ರೆಸರ್. ಒಂದೇ ಅಲ್ಲ. ದ್ರವವನ್ನು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಕುಗ್ಗಿದಾಗ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಬುಡ ಬಿಸಿಯಾಗುತ್ತಿತ್ತಲ್ಲ, ಅದೇ. 35 ಡಿಗ್ರಿಯ ಗಾಳಿಯನ್ನು ಒಂದೇ ಹಂತದಲ್ಲಿ ಎಂಟು ಪಟ್ಟು ಒತ್ತಿದರೆ, ತಂಪು ಮಾಡದೆ ಹೋದರೆ, ಅದು 285 ಡಿಗ್ರಿ ಮುಟ್ಟುತ್ತದೆ. ಅದಕ್ಕೇ ಎರಡು ಹಂತ ಮಾಡಿ ನಡುವೆ ಇಂಟರ್‌ಕೂಲರ್ ಇಡುವುದು. ಆಗ ಪ್ರತಿ ಹಂತದಲ್ಲಿ 140ರ ಹತ್ತಿರ ನಿಲ್ಲುತ್ತದೆ. ಪಿಸ್ಟನ್ ಕಂಪ್ರೆಸರಿನಲ್ಲಿ ಒಂದು ವಾಲ್ವ್ ಸೋರಿದರೆ ಬಿಸಿ ಗಾಳಿ ಹಿಂದಕ್ಕೆ ಬಂದು ಮತ್ತೆ ಮತ್ತೆ ಅದುಮಿಸಿಕೊಳ್ಳುತ್ತದೆ. ಸಿಲಿಂಡರಿನ ಎಣ್ಣೆ ಕರಕಲಾಗಿ ಡಿಸ್ಚಾರ್ಜ್ ಪೈಪಿನಲ್ಲಿ ಕೂರುತ್ತದೆ, ಒಂದು ದಿನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಟೆಂಪರೇಚರ್ ಗನ್ ಹಿಡಿದು ಪ್ರತಿ ವಾಲ್ವ್ ಕವರಿನ ಬಿಸಿ ಬರೆದಿಡಿ. ಸಕ್ಷನ್ ವಾಲ್ವುಗಳ ಸಾಲಿನಲ್ಲಿ ಒಂದು ಮಾತ್ರ ಬಿಸಿ ಇದ್ದರೆ ಸೋರುತ್ತಿರುವುದು ಅದೇ.

ಪಂಪಿಗೆ ಆವಿ ಹೇಗೆ ಶತ್ರುವೋ ಕಂಪ್ರೆಸರಿಗೆ ದ್ರವ ಹಾಗೆ. ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ ನಡುವೆ ಕೆಲವೇ ಮಿಲಿಮೀಟರ್ ಜಾಗ. ಅಲ್ಲಿಗೆ ಒಂದು ಲೋಟ ನೀರು ಬಂದರೆ ಅದು ಕುಗ್ಗುವುದಿಲ್ಲ, ಮುರಿಯುವುದು ರಾಡು ಅಥವಾ ಹೆಡ್ಡು. ನೀರು ಎಲ್ಲಿಂದ ಬರುತ್ತದೆ ಅಂತೀರಾ? ಮಳೆಗಾಲದ ಗಾಳಿಯಲ್ಲೇ ಇದೆ. 30 ಡಿಗ್ರಿ ಬಿಸಿ, ಶೇಕಡ 80 ತೇವದ ಗಾಳಿಯನ್ನು ಗಂಟೆಗೆ 500 ಘನ ಮೀಟರ್ ಎಳೆದು ಎಂಟು ಪಟ್ಟು ಒತ್ತಿ 40 ಡಿಗ್ರಿಗೆ ತಣ್ಣಗೆ ಮಾಡಿದರೆ ಗಂಟೆಗೆ ಎಂಟೊಂಬತ್ತು ಲೀಟರ್ ನೀರು ಬಿಡುತ್ತದೆ. ಒಂದು ಪಾಳಿಗೆ ನಾಲ್ಕು ಕೊಡ. ಆಟೋ ಡ್ರೈನ್ ಇದೆ ಅಂತ ನಂಬಿ ಕೂರಬೇಡಿ, ಕೈಯಿಂದ ಒಮ್ಮೆ ತೆರೆದು ನೋಡಿ.

ಕೊನೆಯದಾಗಿ, ನಿಮ್ಮ ಫಿಟ್ಟರಿನ ವಾಲ್ವ್ ಮುಚ್ಚುವ ಉಪಾಯವನ್ನು ಕಂಪ್ರೆಸರ್ ಹೌಸಿಗೆ ಒಯ್ಯಬೇಡಿ. ಪಿಸ್ಟನ್ ಯಂತ್ರದ ಡಿಸ್ಚಾರ್ಜ್ ಮುಚ್ಚಿದರೆ ಒತ್ತಡ ಏರುತ್ತಲೇ ಹೋಗುತ್ತದೆ, ಸೇಫ್ಟಿ ವಾಲ್ವ್ ಕಾಪಾಡಬೇಕು ಅಷ್ಟೇ. ಗೇರ್ ಪಂಪಿಗೂ ಇದೇ ಮಾತು. ಮುಂದೆ ಎಂದಾದರೂ ರಿಫೈನರಿಗೆ ಹೋಗಿ ದೊಡ್ಡ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ನೋಡಿಕೊಳ್ಳುವ ಹಾಗಾದರೆ, ಅಲ್ಲಿ ಹರಿವು ತೀರಾ ಕಡಿಮೆಯಾದರೆ ಗ್ಯಾಸ್ ಹಿಂದಕ್ಕೆ ತಿರುಗುತ್ತದೆ. ಅದಕ್ಕೆ ಸರ್ಜ್ ಅಂತಾರೆ. ಧಡ್ ಧಡ್ ಅಂತ ಇಡೀ ಕಟ್ಟಡ ಅದುರುತ್ತದೆ, ಥ್ರಸ್ಟ್ ಬೇರಿಂಗ್ ಹೋಗಲು ಜಾಸ್ತಿ ಹೊತ್ತು ಬೇಡ. ಅಲ್ಲಿ ವಾಲ್ವ್ ಮುಚ್ಚುವುದಿಲ್ಲ, ಆಂಟಿ-ಸರ್ಜ್ ವಾಲ್ವ್ ತೆರೆದು ಗ್ಯಾಸನ್ನು ಸುತ್ತಿಸಿ ಮತ್ತೆ ಸಕ್ಷನ್ನಿಗೇ ಕೊಡುತ್ತಾರೆ.

ಗೇಜ್ ಹಾಕಿದ ಮೇಲೆ ಮಧ್ಯಾಹ್ನದ್ದೂ ಬೆಳಗಿನ ಜಾವದ್ದೂ ರೀಡಿಂಗ್ ಕಳಿಸಿ, ಪಂಪಿನ ಕರ್ವ್‌ನ ಫೋಟೋ ಜೊತೆಗೆ. ಓ-ರಿಂಗ್ ಊದಿತ್ತಾ ಇಲ್ಲವಾ ಅಂತಲೂ ಬರೆಯಿರಿ. ಆ ಫಿಟ್ಟರಿಗೆ ನನ್ನ ನಮಸ್ಕಾರ ತಿಳಿಸಿ.